ಭಾವನ ಗಾಡಿಗೆ ಕಟ್ಟಿಸಿದ ಗೋಡೆ

ನಮ್ಮ ಮನೆತನದಲ್ಲಿ ಗಂಡನ ಅಣ್ಣನ ಜೊತೆ ಹೆಂಗಸರು ನೇರವಾಗಿ ಮಾತಾಡುವ ರೂಢಿ ಇಲ್ಲ. ನಾನು ಬೀದರಿನ ಮೈಲೂರಿನಲ್ಲಿ ಹುಟ್ಟಿ ಬೆಳೆದವಳು, ಬಿ.ಎಡ್. ಮಾಡಿದವಳು, ಔರಾದಿನ ಶಾಲೆಯಲ್ಲಿ ನಲವತ್ತು ಮಕ್ಕಳ ಮುಂದೆ ಗಂಟಲು ಹರಿಯುವಂತೆ ಕೂಗುವವಳು. ಆದರೆ ಔರಾದಿನ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬಂದು ಹನ್ನೆರಡು ವರ್ಷವಾದರೂ ಭಾವನಿಗೆ ಒಂದು ಮಾತು ಎದುರಾಬದುರು ಆಡಿರಲಿಲ್ಲ. ಅವರು ಪಡಸಾಲೆಗೆ ಬಂದರೆ ನನ್ನ ಸೆರಗು ತಲೆ ಮೇಲೆ. ಏನೇ ಹೇಳುವುದಿದ್ದರೂ ನಡುವೆ ಅತ್ತೆ ಬೇಕು. ಮೂವರೂ ಮಾರು ದೂರದಲ್ಲೇ ಇದ್ದರೂ ನಾನು "ಅತ್ತಿ, ಚಹಾ ಆಗ್ಯದಂತ ಹೇಳ್ರಿ" ಎನ್ನಬೇಕು. ಅತ್ತೆ ಮಗನ ಕಡೆ ಹೊರಳಿ "ಚಹಾ ಆಗ್ಯದಂತ ನೋಡಪ್ಪಾ" ಎನ್ನಬೇಕು. ಅವರು "ಕೊಡು ಅಂತ ಹೇಳವ್ವಾ" ಎನ್ನಬೇಕು. ಅಷ್ಟರಲ್ಲಿ ಚಹಾ ಆರಿರುತ್ತಿತ್ತು.

ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಜಗಳವಾಡಲು ಬಾಯಿ ಬೇಕು. ಬಾಯಿ ಕಟ್ಟಿದವಳ ಸಿಟ್ಟು ಬೇರೆ ದಾರಿ ಹುಡುಕುತ್ತದೆ. ನಾನು ನನ್ನ ಸಿಟ್ಟನ್ನು ಒಂದು ವರ್ಷ ಕೆಡದ ಹಾಗೆ ಇಟ್ಟುಕೊಂಡೆ, ಉಪ್ಪಿನಕಾಯಿ ಇಟ್ಟ ಹಾಗೆ. ತಪ್ಪು ಎನ್ನುವವರು ಎನ್ನಲಿ.

ನಮ್ಮ ಕಡೆ ಚಳಿಗಾಲ ಸುಮ್ಮನೆ ಹೋಗುವುದಿಲ್ಲ, ಹೋಗುವಾಗ ಒಂದು ಒದೆ ಕೊಟ್ಟೇ ಹೋಗುತ್ತದೆ. ಕಡಲೆ ಕಟಾವಿಗೆ ಬಂದಿರುತ್ತದೆ, ಬಿಳಿಜೋಳದ ತೆನೆ ಗಟ್ಟಿಯಾಗುತ್ತಿರುತ್ತದೆ. ಆಗ ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ ಆಲಿಕಲ್ಲು ಸುರಿಯುತ್ತದೆ. ಅರ್ಧ ಗಂಟೆಯಲ್ಲಿ ಅಂಗಳ, ಹೊಲ, ಹಾದಿ ಎಲ್ಲ ಬೆಳ್ಳಗೆ. ಪೇಟೆಯ ಹುಡುಗರು ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಕಾಶ್ಮೀರ ಎನ್ನುತ್ತಾರೆ. ಕುರಿ ಸಾಕಿದವರ ಕಣ್ಣಿಗೆ ಅದು ಹೆಣದ ಮೇಲಿನ ಬಟ್ಟೆ.

ನಮ್ಮ ಮನೆಯಲ್ಲಿ ಅರವತ್ತು ಕುರಿ. ಮೇಯಿಸುವವರು ಅತ್ತೆ, ಶಾಲೆ ಇಲ್ಲದ ದಿನ ನಾನು. ನನ್ನ ಯಜಮಾನರು ಭಾಲ್ಕಿಯಲ್ಲಿ ಮೆಕ್ಯಾನಿಕ್, ವಾರಕ್ಕೊಮ್ಮೆ ಬರುತ್ತಾರೆ. ಭಾವ ಹುಡುಗನಾಗಿದ್ದಾಗ ಕುರಿ ಕಾದವರೇ. ಆದರೆ ಹೋದ ವರ್ಷ ಒಂದು ಬಿಳಿ ಕಾರು ತಂದಿದ್ದರು, ಮದುವೆ ಬಾಡಿಗೆಗೆ ಓಡಿಸಲು. ಅದಕ್ಕೆ ದಿನಾ ಸ್ನಾನ, ದಿನಾ ಊದಿನಕಡ್ಡಿ. ತಮ್ಮ ಹೆಂಡತಿಯ ಮುಖವನ್ನು ಅಷ್ಟು ಅಕ್ಕರೆಯಿಂದ ನೋಡಿದ್ದನ್ನು ನಾನು ಕಂಡಿಲ್ಲ.

ಹೋದ ವರ್ಷದ ಆಲಿಕಲ್ಲಿನ ದಿನ ಅತ್ತೆ ಮತ್ತು ನಾನು ಮೋಡ ನೋಡಿ ಕುರಿಗಳನ್ನು ಓಡಿಸಿಕೊಂಡು ಮನೆಗೆ ಬಂದರೆ, ಕುರಿಗಳ ಕೊಟ್ಟಿಗೆಯಲ್ಲಿ ಕಾರು ನಿಂತಿತ್ತು. ಎತ್ತಿನ ಬಂಡಿ ಹೋಗಲೆಂದು ಮಾವ ಮಾಡಿಸಿದ ದೊಡ್ಡ ಬಾಗಿಲು ಅದು, ಕಾರು ಸಲೀಸಾಗಿ ಹೋಗಿತ್ತು. ಭಾವ ಬಾಗಿಲಿಗೆ ಅಡ್ಡ ನಿಂತಿದ್ದರು. "ಅತ್ತಿ, ಗಾಡಿ ತಗೀಲಾಕ ಹೇಳ್ರಿ, ಜಲ್ದಿ ಹೇಳ್ರಿ" ಎಂದೆ. ಅತ್ತೆ ಹೇಳಿದರು. "ಕೋಡು ತಾಗಿ ಬಣ್ಣ ಕೆರೀತದ. ಬೇವಿನ ಗಿಡದ ಕೆಳಗ ನಿಲ್ಲಸು ಅಂತ ಹೇಳವ್ವಾ" ಎಂದರು ಅವರು. "ಗಿಡದ ಕೆಳಗ ಸಾಯ್ತಾವ ಅಂತ ಹೇಳ್ರಿ ಅತ್ತಿ" ಎಂದೆ ನಾನು. ಅತ್ತೆ ಮತ್ತೆ ಮಗನ ಕಡೆ ಹೊರಳಿದರು. ಅವರು ಬಾಯಿ ತೆರೆಯುವಷ್ಟರಲ್ಲಿ ಮೊದಲ ಕಲ್ಲು ಬಿತ್ತು.

ಹದಿನೇಳು ಸತ್ತವು. ಕೆಲವು ಕಲ್ಲಿನ ಏಟಿಗೆ, ಹೆಚ್ಚಿನವು ಉಸಿರು ಕಟ್ಟಿ. ಕುರಿಯ ಸ್ವಭಾವವೇ ಹಾಗೆ. ಹೆದರಿದರೆ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸುತ್ತದೆ, ಒಂದರ ಮೇಲೊಂದು ಏರುತ್ತದೆ, ಅಡಿಯಲ್ಲಿದ್ದವು ಮೇಲೇಳುವುದೇ ಇಲ್ಲ. ತಾಯಿ ಸತ್ತು ಹೋಗಿದ್ದಕ್ಕೆ ನಾನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಕುರಿಯೂ ಅಡಿಯಲ್ಲಿತ್ತು. ಅದು ಗಬ್ಬವಾಗಿತ್ತು. ನಾನು, ಅತ್ತೆ, ಭಾವನ ಹೆಂಡತಿ ಮೂವರೂ ಹೊಲದ ಬದುವಿಗೆ ಗುಂಡಿ ತೋಡಿ ಹದಿನೇಳನ್ನೂ ಹೂಳಿದೆವು. ಗುಂಡಿ ಮುಚ್ಚಿ ಬಂದಾಗ ಭಾವ ಕಟ್ಟೆಯ ಮೇಲೆ ಕೂತು, ನನಗೆ ಕೇಳಲೆಂದೇ, ಅತ್ತೆಗೆ ಹೇಳಿದರು.

"ಅಳಬ್ಯಾಡ ಅಂತ ಹೇಳವ್ವಾ. ಕುರಿ ಮತ್ತ ಹುಟ್ತಾವ. ಗಾಡಿ ಹುಟ್ತದೇನು?"

ಹೇಳಬೇಕಾದ ಮಾತು ನಾಲಿಗೆಯ ತುದಿಗೇ ಬಂದಿತ್ತು. ಸೆರಗು ಕಚ್ಚಿ ನುಂಗಿಕೊಂಡೆ. ಇನ್ನೊಂದು ಸಂಕಟವನ್ನೂ ಹೇಳಿಬಿಡುತ್ತೇನೆ. ಆ ಮೂರು ಮಾತು ಅತ್ತೆಯ ಬಾಯಿ ದಾಟಿ ಹೋಗಿ ಬರುವ ಹೊತ್ತಿನಲ್ಲಿ ನಾನೇ ನೇರವಾಗಿ ಕೂಗಿದ್ದರೆ, ಅವರನ್ನು ದಬ್ಬಿ ಒಳಗೆ ನುಗ್ಗಿದ್ದರೆ, ಹದಿನೇಳರಲ್ಲಿ ಹತ್ತಾದರೂ ಉಳಿಯುತ್ತಿದ್ದವು. ರೂಢಿ ಮುರಿಯಲು ನನಗೆ ಧೈರ್ಯ ಸಾಲಲಿಲ್ಲ. ಆ ಸಿಟ್ಟನ್ನೂ ಭಾವನ ಮೇಲೆಯೇ ಹಾಕಿದೆ. ನನ್ನ ತಲೆಯ ಮೇಲೆ ಹೊರಲು ಜಾಗ ಇರಲಿಲ್ಲ.

ದೀಪಾವಳಿ ಮುಗಿದ ಮೇಲೆ ಕೆಲಸ ಶುರು ಮಾಡಿದೆ. ಒಂದು ಬೆಳಿಗ್ಗೆ ಭಾವ ಸ್ನಾನಕ್ಕೆ ಹೋದಾಗ ಕುರಿ ಕಟ್ಟುವ ಹಗ್ಗದಿಂದ ಕಾರಿನ ಉದ್ದ ಅಗಲ ಅಳೆದು ಗಂಟು ಹಾಕಿಕೊಂಡೆ. ಗೌಂಡಿಯನ್ನು ಕರೆಸಿ, ಕೊಟ್ಟಿಗೆಯ ಬಾಗಿಲಿನಿಂದ ಮೂರು ಮೊಳ ಒಳಗೆ ಸೊಂಟದೆತ್ತರದ ಅಡ್ಡಗೋಡೆ ಕಟ್ಟು ಎಂದೆ, ನಡುವೆ ಒಬ್ಬ ಮನುಷ್ಯ ತೂರುವಷ್ಟು ಸಂದಿ ಬಿಡು ಎಂದೆ. ಅದರ ಹಿಂದೆ ಇನ್ನೊಂದು. ಗೌಂಡಿ ತಲೆ ಕೆರೆದುಕೊಂಡ. "ಬಾಗಲಾ ಇಷ್ಟ ದೊಡ್ಡದದ, ಒಳಗ ಹಿಂಗ್ಯಾಕ್ರಿ ಟೀಚರ?" ಎಂದ.

"ಕುರಿ ಒಂದ್ರ ಮ್ಯಾಲ ಒಂದು ಏರಬಾರದು. ಹತ್ತು ಹದಿನೈದು ಬ್ಯಾರೆ ಬ್ಯಾರೆ ನಿಲ್ಲಬೇಕು" ಎಂದೆ. ಸುಳ್ಳಲ್ಲ ಅದು, ನೂರಕ್ಕೆ ನೂರು ಖರೆ. ಆದರೆ ಗೋಡೆಯ ಜಾಗವನ್ನು ನಾನು ಕುರಿ ನೋಡಿ ಗೊತ್ತು ಮಾಡಿರಲಿಲ್ಲ, ಹಗ್ಗದ ಗಂಟು ನೋಡಿ ಮಾಡಿದ್ದೆ. ಭಾವ ಬಂದು ನೋಡಿದರು. ಗೋಡೆಯ ಸುತ್ತ ಒಂದು ಸಲ ಓಡಾಡಿದರು. ಅತ್ತೆಗೂ ಏನೂ ಹೇಳದೆ ಹೊರಟುಹೋದರು. ಮಂದಬುದ್ಧಿ, ಅರ್ಥವಾಗಿಲ್ಲ ಎಂದುಕೊಂಡು ನಾನು ಒಳಗೊಳಗೇ ನಕ್ಕೆ.

ಶಿವರಾತ್ರಿ ಹತ್ತಿರ ಬಂದಿತ್ತು. ಆಲಿಕಲ್ಲು ಬೀಳಬಹುದು ಎಂದು ಟಿ.ವಿ.ಯಲ್ಲಿ ಎರಡು ದಿನ ಮೊದಲೇ ಹೇಳಿದರು. ಭಾನುವಾರ ಎದ್ದವಳೇ ಮನೆಯ ಬಂದೋಬಸ್ತಿಗೆ ನಿಂತೆ. ಮಾಳಿಗೆಯ ಮೇಲಿನ ಶಾವಿಗೆ, ಸಂಡಿಗೆ ಕೆಳಗಿಳಿಸಿದೆ. ಅತ್ತೆ ಎರಡು ದಿನಕ್ಕಾಗುವಷ್ಟು ರೊಟ್ಟಿ ಬಡಿದರು. ಕೊಟ್ಟಿಗೆಗೆ ಹೊದಿಸಿದ ತಗಡಿನ ಪತ್ರಾದ ಮೇಲೆ ಭಾರದ ಕಲ್ಲು ಇಟ್ಟು, ಅಂಚಿಗೆ ತಂತಿ ಬಿಗಿದೆ. ಭಾವನ ಹೆಂಡತಿ ಕೊಡಗಳನ್ನೆಲ್ಲ ತುಂಬಿದಳು, ಫೋನು ಚಾರ್ಜಿಗೆ ಹಾಕಿದಳು. ಎಳೆಯ ಮರಿಗಳನ್ನು ಒಂದೊಂದು ಬುಟ್ಟಿಯ ಕೆಳಗೆ ಬೆಚ್ಚಗೆ ಕೂಡಿಸಿದೆ.

ಇಷ್ಟು ಎಲ್ಲರೂ ಮಾಡುತ್ತಾರೆ. ನಾನು ಇನ್ನೊಂದು ಕೆಲಸ ಮಾಡಿದೆ. ಮನೆಯಲ್ಲಿ ಮುಚ್ಚಲು ಬರುವಂಥ ವಸ್ತು ಏನೇನಿತ್ತೋ ಅಷ್ಟನ್ನೂ ಯಾವುದಾದರೊಂದರ ಮೇಲೆ ಮುಚ್ಚಿಬಿಟ್ಟೆ. ತಾಡಪತ್ರಿಯನ್ನು ಜೋಳದ ಕಣಿಕೆಯ ಬಣವೆಗೆ ಹೊದಿಸಿ ಬಿಚ್ಚಲಾಗದ ಗಂಟು ಹಾಕಿದೆ. ಗೋಣಿಚೀಲಗಳನ್ನು ಸಗಣಿಯ ಕುಳ್ಳಿನ ರಾಶಿಗೆ ಹೊದಿಸಿದೆ. ಕೌದಿ, ಕಂಬಳಿ ಎಲ್ಲ ಕೊಟ್ಟಿಗೆಗೆ. ಕೊನೆಗೆ ಉಳಿದದ್ದು ಒಂದು ಹಳೆಯ ಜಮಖಾನೆ. ಅದನ್ನು ನೀರಿನಲ್ಲಿ ನೆನೆಹಾಕಿದೆ, ಒಗೆಯುವುದಿದೆ ಎಂದು. ಇಷ್ಟು ಚೊಕ್ಕವಾಗಿ ನಾನು ಯಾವ ಹಬ್ಬಕ್ಕೂ ತಯಾರಿ ಮಾಡಿದವಳಲ್ಲ.

ಮಧ್ಯಾಹ್ನ ಯಜಮಾನರ ಫೋನು ಬಂತು. "ಅಣ್ಣ ಗಾಡಿ ಎಲ್ಲಿ ನಿಲ್ಲಸ್ತಾನ?" ಎಂದರು.

"ಕುರಿ ಎಲ್ಲಿ ನಿಂತಾವ ಅಂತ ಹೋದ ವರ್ಷ ಯಾರರ ಕೇಳಿದ್ರೇನು?" ಎಂದು ಫೋನು ಇಟ್ಟೆ.

ಭಾವ ಕಾರನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದರು. ನಾಲ್ಕರ ಹೊತ್ತಿಗೆ ಆಕಾಶ ಇದ್ದಿಲಾಯಿತು. "ಕೌದಿ ಕೊಡು ಅಂತ ಹೇಳವ್ವಾ, ಗಾಡಿಗೆ" ಎಂದರು. "ಮರಿಗೆ ಹೊಚ್ಚೇನಿ ಅಂತ ಹೇಳ್ರಿ ಅತ್ತಿ" ಎಂದೆ. "ತಾಡಪತ್ರಿ?" "ಬಣವಿ ಮ್ಯಾಲ ಅದ ಅಂತ ಹೇಳ್ರಿ." ಅತ್ತೆ ಇಬ್ಬರ ಮುಖವನ್ನೂ ನೋಡಿ, ನಡುವಿನಿಂದ ಎದ್ದು ಮನೆಯೊಳಗೆ ಹೋದರು. ನಾನು ಕೊಟ್ಟಿಗೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿದೆ.

ಆಲಿಕಲ್ಲು ಪತ್ರಾದ ಮೇಲೆ ಬಿದ್ದಾಗ ಕಿವಿ ಕಿವುಡಾಯಿತು. ಬಾಗಿಲ ಸಂದಿಯಿಂದ ನೋಡಿದೆ. ಭಾವ ತಮ್ಮ ಅಂಗಿ ಬಿಚ್ಚಿ ಕಾರಿನ ಮುಂದಿನ ಗಾಜಿಗೆ ಹಾಸುತ್ತಿದ್ದರು. ನಿಂಬೆಹಣ್ಣಿನ ಗಾತ್ರದ ಕಲ್ಲುಗಳು. ಒಂದು ಅವರ ಹಣೆಗೆ ಬಡಿಯಿತು. ಅವರು ಹತ್ತಿರದ ಆಸರೆಗೆ, ಅಂದರೆ ನನ್ನ ಬಾಗಿಲಿಗೆ, ಓಡಿ ಬಂದು ಬಡಿದರು.

"ಯಾರದೀರಿ ಒಳಗ? ಬಾಗಲಾ ತಗೀರಿ!"

ಯಾರು ಇದ್ದಾರೆಂದು ಅವರಿಗೆ ಗೊತ್ತಿತ್ತು. ಅಗಳಿಯ ಮೇಲೆ ಕೈ ಇಟ್ಟುಕೊಂಡು ನಿಂತೆ. ತೆಗೆಯಲಿಲ್ಲ. ಅವರು ಮತ್ತೆ ಬಡಿದರು. ಒಂದು ರೊಟ್ಟಿ ಬಡಿದು ಹಂಚಿಗೆ ಹಾಕುವಷ್ಟು ಹೊತ್ತು ಹಾಗೆಯೇ ನಿಂತೆ. ಆ ಹೊತ್ತಿನಲ್ಲಿ ನನಗೆ ಕನಿಕರ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆ ತಣ್ಣಗಾಯಿತು. ಆಮೇಲೆ ಅವರ ಹೆಂಡತಿಯ ನೆನಪಾಯಿತು. ಅಗಳಿ ತೆಗೆದೆ.

ಬರಿಮೈಯಲ್ಲಿ, ಹಣೆಯ ನೆತ್ತರು ಹುಬ್ಬಿಗೆ ಇಳಿಯುತ್ತಿರುವಾಗ ಒಳಗೆ ಬಂದರು. ಹೊರಗೆ ಗಾಜು ಫಳಾರನೆ ಒಡೆದ ಸದ್ದು. ಅವರ ಭುಜ ಅದುರಿದ್ದನ್ನು ಕಣ್ಣು ತುಂಬ ನೋಡಿದೆ. ಅಷ್ಟರಲ್ಲಿ ಸಿಡಿಲು ಬಡಿದು, ಹಿಂದಿನ ಅಂಕಣದ ಕುರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಏರತೊಡಗಿದವು. ನಾನು ಗೋಡೆಯ ಸಂದಿ ಹುಡುಕುವಷ್ಟರಲ್ಲಿ ಭಾವ ಗೋಡೆ ಹಾರಿದ್ದರು. ಮೂಲೆಯೊಳಗೆ ತಾವೇ ತೂರಿ ನಿಂತು, ಮೊಣಕಾಲಿನಿಂದ ಒಂದೊಂದನ್ನು ಆಚೆ ತಳ್ಳಿ, ಅಡಿಯಲ್ಲಿ ಸಿಕ್ಕ ಗಬ್ಬದ ಕುರಿಯನ್ನು ಎತ್ತಿ ನನ್ನ ಕಡೆ ದಾಟಿಸಿದರು. ಒಂದು ಬುಟ್ಟಿ ಉರುಳಿ ಹೊರಬಿದ್ದ ಮರಿಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿ ಕೂತರು. ಕೆಲಸ ಮರೆತಿರಲಿಲ್ಲ ಅವರು. ಅದನ್ನು ನೋಡಿ ನನ್ನ ಸಿಟ್ಟು ಇಮ್ಮಡಿಯಾಯಿತು. ಹೋದ ವರ್ಷವೂ ಈ ಕೈಗಳು ಇದ್ದವಲ್ಲ!

ನಡುವೆ ಮಾತು ದಾಟಿಸಲು ಅತ್ತೆ ಇರಲಿಲ್ಲ. ನಾನು ಗಬ್ಬದ ಕುರಿಗೆ ಹೇಳಿದೆ. "ನೀವು ಮತ್ತ ಹುಟ್ತೀರಂತ ನೋಡವ್ವಾ. ಗಾಡಿ ಹುಟ್ಟಂಗಿಲ್ಲಂತ. ಖರೆ ಅದ. ಆದ್ರ ಗಾಡಿ ಸಾಯಂಗೂ ಇಲ್ಲ."

ಭಾವ ಗೋಡೆಯ ಕಡೆ ಮುಖ ಮಾಡಿ ಹೇಳಿದರು. "ಈ ಗೋಡಿ ಯಾಕ ಕಟ್ಟಸ್ಯಾರ ಅಂತ ಅವತ್ತೇ ಗೊತ್ತಾಗ್ಯದ ನಂಗ."

ತಡೆಯಲಾಗಲಿಲ್ಲ. ಸೆರಗು ಹೆಗಲಿಗೆ ಜಾರಿತ್ತು, ಎಳೆದುಕೊಳ್ಳಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವರ ಮುಖ ನೋಡಿ ಮಾತಾಡಿದೆ. "ಗೊತ್ತಿದ್ರ ಮುಂಜಾನೇನ ಗಾಡಿ ಔರಾದಿಗೆ ಒಯ್ದು ಎಲ್ಲರ ನಿಲ್ಲಸಲಿಲ್ಲ ಯಾಕ್ರಿ?"

"ಮೋಡ ನೋಡಿ ಜೀವ ತಡೀದ ಕೌದಿ ಕೇಳ್ದೆ, ಖರೆ. ಆದ್ರ ಒಯ್ದಿದ್ರ ನಿಮ್ಮ ಸಿಟ್ಟು ಇಳೀತಿತ್ತೇನ್ರಿ?"

ಒಂದು ವರ್ಷ ಹಲ್ಲು ಕಚ್ಚಿ ಕಾದ ಸೇಡು ಅದು, ಅದನ್ನೂ ಅವರೇ ನನಗೆ ಕೊಟ್ಟಂತಾಯಿತು. ಕೈಗೆ ಬಂದ ತುತ್ತು ಕಸಿದ ಹಾಗೆ. "ಗಾಡಿ ಯಾರಿಗೆ ಬೇಕಾಗ್ಯದ್ರಿ? ಬಾಯಿ ಬಿಟ್ಟು ಅನ್ರಿ" ಎಂದೆ. ಏನು ಅನ್ನಬೇಕೆಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಅವರು ಎದೆಯ ಮೇಲಿದ್ದ ಮರಿಯ ಕಿವಿ ಸವರುತ್ತ, ಅದಕ್ಕೇ ಹೇಳಿದರು, "ತಪ್ಪಾಯ್ತವ್ವಾ. ನಂದು ಭಾಳ ತಪ್ಪಾಯ್ತು."

ಆ ಮರಿ ಹುಟ್ಟಿ ಒಂಬತ್ತು ದಿನ. ಅದಕ್ಕೆ ಏನು ಗೊತ್ತು? ತಪ್ಪಾಯ್ತು ಎಂದು ಕೇಳಿಸಿಕೊಳ್ಳಬೇಕಾದ ಹದಿನೇಳೂ ಬದುವಿನ ಗುಂಡಿಯಲ್ಲಿದ್ದವು. ನನ್ನ ಕಣ್ಣಲ್ಲಿ ನೀರು ಬಂತು, ಆದರೆ ಸಿಟ್ಟು ಹೋಗಲಿಲ್ಲ. ಎರಡೂ ಒಟ್ಟಿಗೆ ಇರಬಲ್ಲವು.

ಪತ್ರಾದ ಸದ್ದು ನಿಂತಿತು. ಬೆಳ್ಳಗಾದ ಅಂಗಳವನ್ನು ಕರಕರ ತುಳಿಯುತ್ತ ಅತ್ತೆ ಬಂದರು. ಮೊದಲು ಕುರಿ ಎಣಿಸಿದರು, ಎಲ್ಲ ಇದ್ದವು. ಮಗನ ಹಣೆ ನೋಡಿದರು. ನನ್ನ ಬರಿದಲೆ ನೋಡಿದರು. ಹನ್ನೆರಡು ವರ್ಷ ನಮ್ಮಿಬ್ಬರ ಮಾತು ಹೊತ್ತವರು, ಒಳಗೆ ಏನೋ ನಡೆದಿದೆ ಎಂದು ಅವರಿಗೆ ತಿಳಿಯಿತು.

"ಏನರ ಅಂದನೇನವಾ ಅವ?" ಎಂದು ನನ್ನನ್ನು ಕೇಳಿದರು.

ಭಾವ ಮರಿ ಎತ್ತಿಕೊಂಡು ಅಲ್ಲೇ ನಿಂತಿದ್ದರು. ಈಗ ಅವರೇ ನನ್ನ ಮುಖ ನೋಡಿದರು, ಹೇಳಿಬಿಡು ಎನ್ನುವ ಹಾಗೆ. ಮತ್ತೊಮ್ಮೆ ತಪ್ಪಾಯ್ತು ಎಂದು ತಾಯಿಯ ಮುಂದೆ ಅನ್ನುವ ಶಕ್ತಿ ಅವರಿಗೆ ಇರಲಿಲ್ಲ, ಅದು ನನಗೆ ಕಾಣುತ್ತಿತ್ತು.

ನಾನು ಸೆರಗು ತಲೆ ಮೇಲೆ ಎಳೆದುಕೊಂಡೆ.

"ಏನೂ ಅಂದಿಲ್ರಿ ಅತ್ತಿ" ಎಂದೆ.