ಚನ್ನವೀರಮ್ಮ ಹೋಗದ ಭಾನುವಾರ

ಗಡಿಯಾಚೆ ತೆಲಂಗಾಣದ ನಾರಾಯಣಪೇಟೆಯ ಗಂಜ್ ಮಾರುಕಟ್ಟೆಯಲ್ಲಿ ಆದೆಪ್ಪನ ಅಡತಿ ಅಂಗಡಿ ಎಂದರೆ ಯಾರಾದರೂ ತೋರಿಸುತ್ತಾರೆ. ತೊಗರಿ, ಶೇಂಗಾ ಬರುವ ಕಾಲದಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಉಳಿದ ಕಾಲದಲ್ಲಿ ಆದೆಪ್ಪ, ಪಕ್ಕದ ಅಂಗಡಿಯ ರಾಮುಲು, ಇನ್ನಿಬ್ಬರು ದಲಾಲರು ಮಧ್ಯಾಹ್ನದ ಹೊತ್ತು ತಗಡಿನ ನೆರಳಲ್ಲಿ ಕೂತು ಇಸ್ಪೀಟು ಆಡುತ್ತಾರೆ. ಆದೆಪ್ಪನ ಅಪ್ಪನೂ ಅಲ್ಲೇ ಕೂತು ಆಡುತ್ತಿದ್ದ. ಅದರ ಬಗ್ಗೆ ಊರಲ್ಲಿ ಯಾರೂ ಒಂದು ಮಾತು ಎತ್ತಿದವರಲ್ಲ.

ಆದೆಪ್ಪನ ಹೆಂಡತಿ ಚನ್ನವೀರಮ್ಮ ರಾಯಚೂರಿನ ಕಡೆಯಿಂದ ಬಂದವಳು. ಕೈ ಸುಮ್ಮನೆ ಇಟ್ಟುಕೊಂಡು ಕೂತದ್ದನ್ನು ಯಾರೂ ನೋಡಿಲ್ಲ. ಹಳೆ ಸೀರೆ ಕೂಡಿಸಿ ಕೌದಿ ಹೊಲಿಯುವಳು, ಬಾಗಿಲಿಗೆ ಕ್ರೋಶಾದ ತೋರಣ ಹೆಣೆಯುವಳು, ಹಬ್ಬ ಬಂದರೆ ಓಣಿಯವರೆಲ್ಲ ಬಂದು ನಿಂತು ನೋಡುವಂಥ ರಂಗೋಲಿ ಹಾಕುವಳು. ಎಲ್ಲವೂ ಹೊಸ್ತಿಲ ಒಳಗೆ, ಬಹಳವಾದರೆ ಹೊಸ್ತಿಲ ಮುಂದೆ. ಗುಡಿ, ಮದುವೆ, ತವರುಮನೆ ಬಿಟ್ಟರೆ ಆಕೆ ಹೊರಗೆ ಹೋಗುತ್ತಿದ್ದದ್ದು ಇಲ್ಲವೆಂದೇ ಹೇಳಬೇಕು.

ಐವತ್ತರ ಹತ್ತಿರ ಬಂದಾಗ ಆಕೆಗೆ ಸಕ್ಕರೆ ಕಾಯಿಲೆ ಹತ್ತಿತು. ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದರು. ಆದೆಪ್ಪ ನಾಲ್ಕು ದಿನ ಜೊತೆಗೆ ಹೋದ. ಐದನೆಯ ದಿನ, "ಮಾಳಗಿ ಮ್ಯಾಲೇ ತಿರಗಾಡು, ಅಲ್ಲಿ ಗಾಳಿ ಇಲ್ಲೇನು," ಎಂದು ಹೊದಿಕೆ ಎಳೆದುಕೊಂಡ. ಆಕೆ ಮಾಳಿಗೆಯ ಮೇಲೆ ಗಾಣದ ಎತ್ತಿನಂತೆ ಸುತ್ತಿದಳು, ಬೇಸರವಾಯಿತು, ಬಿಟ್ಟಳು.

ಮಗಳು ಕಾವ್ಯಳನ್ನು ರಾಯಚೂರಿಗೆ ಕೊಟ್ಟಿದ್ದರು. ದೀಪಾವಳಿಗೆ ಬಂದವಳು ಅವ್ವನ ಫೋನಿಗೆ ಒಂದು ಆಟ ಹಾಕಿಕೊಟ್ಟಳು. ಫೋನಿನಲ್ಲಿ ಊರಿನ ನಕ್ಷೆ ಕಾಣುತ್ತದೆ. ನಾವು ನಡೆದ ಹಾಗೆ ನಕ್ಷೆಯಲ್ಲೂ ಒಂದು ಗೊಂಬೆ ನಡೆಯುತ್ತದೆ. ಅಲ್ಲಲ್ಲಿ ಚಿತ್ರವಿಚಿತ್ರ ಪ್ರಾಣಿಗಳು ಎದ್ದು ಬರುತ್ತವೆ, ಬೆರಳಿನಿಂದ ಚೆಂಡು ಎಸೆದು ಅವನ್ನು ಹಿಡಿಯಬೇಕು.

"ನೀ ನಡದಂಗ ತತ್ತಿ ಒಡದು ಮರಿ ಬರ್ತಾವವ್ವ. ಮನ್ಯಾಗ ಕುಂತ್ರ ಏನೂ ಬರಂಗಿಲ್ಲ," ಎಂದಳು ಕಾವ್ಯ.

"ತತ್ತಿ ಅಂತೀಯಲ್ಲ, ಲಿಂಗ ಕಟ್ಟಿದ ಮನಿ ಇದು."

"ಇದು ಒಲಿ ಮ್ಯಾಲ ಇಡೋ ತತ್ತಿ ಅಲ್ಲ."

ಅವ್ವ ಮಗಳು ಕೂಡಿ ನಕ್ಕರು. ಆದೆಪ್ಪನೂ ನಕ್ಕ. ನಾಲ್ಕು ದಿನದ ಆಟ, ಮಗಳು ಹೋದಮೇಲೆ ಮರೆತುಬಿಡುತ್ತಾಳೆ ಅಂದುಕೊಂಡ.

ಚನ್ನವೀರಮ್ಮ ಮರೆಯಲಿಲ್ಲ. ಕಾವ್ಯ ಕೊಡಿಸಿದ ಬೂಟು ಹಾಕಿಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡು ಬೆಳಿಗ್ಗೆ ಹೊರಡತೊಡಗಿದಳು. "ಶಿಕಾರಿಗೆ ಹೋಗಿ ಬರ್ತೀನ್ರಿ," ಎಂದು ಬಾಗಿಲಿನಿಂದ ಕೂಗಿ ಹೇಳುವಳು. ಮೊದಮೊದಲು ಓಣಿಯ ತುದಿಯವರೆಗೆ, ಆಮೇಲೆ ಹಳೆ ಬಾವಿಯ ತನಕ, ಆಮೇಲೆ ಎಲ್ಲೆಲ್ಲಿಗೋ. ಊಟಕ್ಕೆ ಬಡಿಸುತ್ತ ತಾನು ನೋಡಿದ್ದನ್ನು ಹೇಳುವಳು.

"ಮಗ್ಗದ ಓಣಿ ಮುಂದ ಒಂದು ಹಿಡದೆ ಇವತ್ತು. ಇಷ್ಟು ವರ್ಷ ಈ ಊರಾಗ ಇದ್ದೀನಿ, ಮಗ್ಗ ಹೆಂಗ ಸಪ್ಪಳ ಮಾಡತೈತಿ ಅಂತ ಕೇಳೇ ಇದ್ದಿಲ್ರೀ. ನಾರಾಯಣಪೇಟಿ ಸೀರಿ ಉಟ್ಟಿದ್ದಷ್ಟೇ."

ಆದೆಪ್ಪ ಅರ್ಧ ಕೇಳುವನು, ಅರ್ಧ ಊಟ ಮಾಡುವನು. ಸಕ್ಕರೆ ಇಳಿದಿತ್ತು. ಹೆಂಡತಿ ಲವಲವಿಕೆಯಿಂದ ಇದ್ದಳು. ಅದರಲ್ಲಿ ಅವನಿಗೂ ಖುಷಿಯೇ ಇತ್ತು.

ಆಟದಿಂದ ಆಕೆಗೆ ಗೆಳೆಯರೂ ಸಿಕ್ಕರು. ಸ್ರವಂತಿ ಎಂಬ ನೇಕಾರರ ಹುಡುಗಿ, ಡಿಗ್ರಿ ಓದುವವಳು. ಮೊಬೈಲ್ ರಿಪೇರಿ ಮಾಡುವ ಸಾಯಿಕುಮಾರ್. ಮೊಣಕಾಲು ನೋವಿನ ನರಸಿಂಹುಲು, ಬಸ್ಸು ಓಡಿಸಿ ರಿಟೈರಾದವನು. ಇನ್ನೂ ಕೆಲವರು ಕಾಲೇಜು ಹುಡುಗರು. ಆಟದಲ್ಲಿ ಕೆಲವು ದೊಡ್ಡ ಪ್ರಾಣಿಗಳು ಒಬ್ಬರ ಕೈಗೆ ಬಗ್ಗುವುದಿಲ್ಲ, ಐದಾರು ಜನ ಒಂದೇ ಜಾಗದಲ್ಲಿ ಕೂಡಬೇಕು. ಭಾನುವಾರ ಭಾನುವಾರ ಅವರೆಲ್ಲ ಬಸ್‌ಸ್ಟ್ಯಾಂಡಿನ ಹತ್ತಿರ ಕೂಡುತ್ತಿದ್ದರು. ಸ್ರವಂತಿ ತೆಲುಗಿನಲ್ಲಿ ಮಾತಾಡಿದರೆ ಚನ್ನವೀರಮ್ಮ ಕನ್ನಡದಲ್ಲಿ ಉತ್ತರ ಕೊಡುವಳು, ಯಾರಿಗೂ ಏನೂ ತೊಡಕಾಗುತ್ತಿರಲಿಲ್ಲ.

ಶಿವರಾತ್ರಿಗೆ ಮುಂಚೆ ಒಂದು ಭಾನುವಾರ ಆಟದಲ್ಲಿ ಏನೋ ವಿಶೇಷ ದಿನವಿತ್ತು. ಗದ್ವಾಲಿನ ಕೋಟೆಯ ಸುತ್ತ ಆಟದ ಜಾಗಗಳು ಬಹಳ ಇವೆ, ಎಲ್ಲರೂ ಅಲ್ಲಿಗೇ ಹೋಗೋಣ ಎಂದು ಗುಂಪು ನಿಶ್ಚಯ ಮಾಡಿತು.

"ನೀವೂ ಬರ್ರಿ," ಎಂದಳು ಚನ್ನವೀರಮ್ಮ. "ಮಕ್ತಲ್ ಮ್ಯಾಲೆ ಬಸ್ಸು. ದಾರ್ಯಾಗ ಜುರಾಲಾ ಡ್ಯಾಮೂ ನೋಡಬಹುದು. ನಾ ಗದ್ವಾಲ ನೋಡೇ ಇಲ್ಲ."

"ನೋಡೂಣು," ಎಂದ ಆದೆಪ್ಪ. ಹ್ಞೂಂ ಎನ್ನುವ ಮನಸ್ಸೂ ಇರಲಿಲ್ಲ, ಇಲ್ಲ ಎನ್ನುವ ಮನಸ್ಸೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಇಸ್ಪೀಟು ನಡೆದಿತ್ತು. ರಾಮುಲು ಎಲೆ ಜೋಡಿಸುತ್ತ, "ಏನ್ ಸಾವಕಾರ್ರ, ನಮ್ಮ ಅಕ್ಕಾರು ಬಸ್‌ಸ್ಟ್ಯಾಂಡಿನಾಗ ಏನಾರ ಕಳಕೊಂಡಾರೇನು? ಹೋದ ವಾರ ಹುಡುಗರ ಕೂಡ ನಿಂತು ಫೋನಿನಾಗ ಹುಡುಕಾಕತ್ತಿದ್ರು," ಎಂದ.

ಎಲ್ಲರೂ ನಕ್ಕರು. ರಾಮುಲು ಕೆಟ್ಟ ಮನಸ್ಸಿನವನಲ್ಲ. ಅಂದು, ಮರೆತು, ಮುಂದಿನ ಎಲೆ ಹಾಕಿದ. ಆದೆಪ್ಪನೂ ಅವರ ಜೊತೆ ನಕ್ಕ. ಮನೆಯವರೆಗೆ ಆ ನಗೆ ಅವನ ಹಿಂದೆಯೇ ಬಂತು.

ಅಡುಗೆಮನೆಯಲ್ಲಿ ಚನ್ನವೀರಮ್ಮ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ರೊಟ್ಟಿಯ ಎತ್ತರದ ಗುಡ್ಡೆ, ಶೇಂಗಾ ಚಟ್ನಿಪುಡಿಯ ಡಬ್ಬಿ.

"ಇಷ್ಟೆಲ್ಲಾ ಯಾರಿಗೆ?"

"ನಾಳೆ ಗದ್ವಾಲಕ್ಕ. ನಿಮಗೂ ಸೇರಿಸಿ ಮಾಡೀನಿ."

"ಸಾಕು ಬಿಡು ಇನ್ನ. ಈ ವಯಸ್ಸಿನಾಗ ಹುಡುಗರ ಕೂಡ ಬಸ್‌ಸ್ಟ್ಯಾಂಡಿನಾಗ ನಿಂದರೋದು ಚಂದ ಕಾಣತೈತೇನು? ಗಂಜಿನಾಗ ನಾ ತಲಿ ಎತ್ತಿ ಕೂಡಬೇಕೋ ಬ್ಯಾಡೋ?"

ಆಕೆ ತಿರುಗಿ ನೋಡಿದಳು. "ಯಾರೇನಂದ್ರು?"

"ಯಾರಂದ್ರೇನು. ನಾ ಹೇಳಾಕತ್ತೀನಿ."

ಜಗಳ ಆಗುತ್ತದೆ ಎಂದು ಆದೆಪ್ಪ ಸಜ್ಜಾಗಿ ನಿಂತಿದ್ದ. ಜಗಳ ಆಗಲಿಲ್ಲ. ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು, ಅದು ಬೆಂದ ಮೇಲೆ ತೆಗೆದಿಟ್ಟು ಉಳಿದ ಹಿಟ್ಟನ್ನೂ ಬಡಿದು ಮುಗಿಸಿದಳು. ಕೈ ತೊಳೆದುಕೊಂಡು ಸ್ರವಂತಿಗೆ ಫೋನು ಮಾಡಿದಳು. "ಮೈಯಾಗ ಹುಷಾರಿಲ್ಲವ್ವ. ನೀವು ಹೋಗಿ ಬರ್ರಿ. ರೊಟ್ಟಿ ಮಾಡೀನಿ, ಮುಂಜಾನೆ ಬಂದು ಒಯ್ಯಿರಿ."

ಗಂಡ ಬೇಡ ಅಂದ ಎಂದು ಹೇಳಲಿಲ್ಲ. ಅವನ ಮರ್ಯಾದೆ ಕಾಯಲು ಸುಳ್ಳು ಹೇಳಿದಳು. ಪಡಸಾಲೆಯಲ್ಲಿ ಕೂತು ಆದೆಪ್ಪ ಅದನ್ನು ಕೇಳಿಸಿಕೊಂಡ, ಆಗ ಅವನಿಗೆ ಸಮಾಧಾನವೇ ಆಯಿತು.

ಭಾನುವಾರ ಗದ್ವಾಲಿನಿಂದ ಫೋಟೋಗಳು ಬಂದವು. ಕೋಟೆಯ ಬಾಗಿಲ ಮುಂದೆ ಎಲ್ಲರೂ ನಿಂತು ನಗುತ್ತಿದ್ದರು. ಚನ್ನವೀರಮ್ಮ ಒಂದೊಂದನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಆಮೇಲೆ ಫೋನಿನಿಂದ ಆಟವನ್ನು ತೆಗೆದುಹಾಕಿದಳು.

ಮನೆ ಮೊದಲಿನಂತಾಯಿತು. ಹಾಗೆಂದು ಆದೆಪ್ಪ ಅಂದುಕೊಂಡ. ಆಕೆ ಕಿಟಕಿಯ ಬಳಿ ಕೂತು ಕೌದಿ ಹೊಲಿಯುವಳು, ಹೊತ್ತಿಗೆ ಸರಿಯಾಗಿ ಊಟ ಬಡಿಸುವಳು. ಊಟದ ಹೊತ್ತಿನಲ್ಲಿ ಮಾತೆಂದರೆ, "ಇನ್ನೊಂದು ರೊಟ್ಟಿ ಹಾಕ್ಲೇನ್ರೀ?" ಅಷ್ಟೇ. ಬೇಸಿಗೆ ಬಂದು ಹೋಗುವಷ್ಟರಲ್ಲಿ ಆದೆಪ್ಪನಿಗೆ ತನ್ನ ಊಟ ಬೇಗ ಮುಗಿಯುತ್ತಿದೆ ಅನ್ನಿಸತೊಡಗಿತು. ಏನು ಕಡಿಮೆಯಾಗಿದೆ ಎಂಬುದು ತಿಳಿಯಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ಮಳೆಗಾಲದಲ್ಲಿ ಒಮ್ಮೆ ಕೆಲಸದ ಮೇಲೆ ಮಕ್ತಲ್‌ಗೆ ಹೊರಟಿದ್ದ. ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕ ಅವನನ್ನು ನೋಡಿ ನೋಡಿ, "ನೀವು ಚನ್ನವೀರಮ್ಮನವರ ಯಜಮಾನರಲ್ಲೇನ್ರೀ?" ಎಂದು ಕೇಳಿದ. ತನ್ನನ್ನು ಯಾರೂ ಹಾಗೆ ಗುರುತಿಸಿದ್ದಿಲ್ಲ. ಆಕೆಯೇ ಯಾವಾಗಲೂ ಆದೆಪ್ಪನ ಹೆಂಡತಿ.

ಆತ ನರಸಿಂಹುಲು. ಮೊಣಕಾಲು ತಿಕ್ಕಿಕೊಳ್ಳುತ್ತ ಮಾತಿಗೆ ತೊಡಗಿದ. "ನನಗ ಜಲ್ದಿ ನಡಿಯಾಕ ಬರಂಗಿಲ್ರಿ. ಹುಡುಗರು ಮುಂದ ಓಡ್ತಿದ್ವು. ಅಮ್ಮಾರು, 'ಡ್ರೈವರಣ್ಣ ಬರೋತನಕ ಯಾರೂ ಶುರು ಮಾಡಬ್ಯಾಡ್ರಿ' ಅಂತಿದ್ರು. ಅವರ ಮಾತಿಗೆ ಎಲ್ಲಾರೂ ನಿಂದರೋರು."

ಆತ ಮಾತು ಮುಂದುವರಿಸಿದ.

"ಗದ್ವಾಲಕ್ಕ ನೀವೂ ಬರ್ತೀರಂತ ಹೇಳಿದ್ರು. ಸಾಯಿಕುಮಾರ್‌ಗ ಮುಂಜಾನೆ ಮೊದಲೇ ಹೋಗಿ ಬಸ್ಸಿನಾಗ ಎರಡು ಸೀಟು ಹಿಡಿಯಾಕ ಹೇಳಿದ್ರು. ಒಂದು ಕಿಟಕಿ ಕಡೆದು, ನಿಮಗಂತ. ಆಮ್ಯಾಲ ಹುಷಾರಿಲ್ಲ ಅಂತ ಫೋನ್ ಬಂತು. ಈಗ ಹುಷಾರಾಗ್ಯಾರೇನ್ರೀ?"

"ಹ್ಞೂಂ," ಎಂದ ಆದೆಪ್ಪ.

"ಈಗ ಮೊದಲಿನಂಗ ಇಲ್ಲ ಬಿಡ್ರಿ. ಸ್ರವಂತಿ ಮದುವ್ಯಾಗಿ ಗಟ್ಟು ಊರಿಗೆ ಹೋದಳು. ಸಾಯಿಕುಮಾರ್ ಅಂಗಡಿ ಗದ್ವಾಲಕ್ಕ ಎತ್ತಿಕೊಂಡ. ಭಾನುವಾರ ನಾನೊಬ್ಬನೇ ಹೋಗಿ ನಿಂತು ಬರ್ತೀನಿ."

ಮಕ್ತಲ್‌ನಲ್ಲಿ ಆ ದಿನ ಆದೆಪ್ಪ ಯಾರ ಬಳಿ ಏನು ಮಾತಾಡಿದನೋ ಅವನಿಗೇ ನೆನಪಿಲ್ಲ. ತಾವಿಬ್ಬರೂ ಕೂಡದ ಆ ಎರಡು ಸೀಟು ಕಣ್ಣಿಗೆ ಕಟ್ಟಿದ್ದವು. ರಾಮುಲು ನಕ್ಕದ್ದು ಒಂದು ಗಳಿಗೆ. ಅಷ್ಟಕ್ಕಾಗಿ ತಾನು ಆಕೆಯಿಂದ ಏನು ಕಿತ್ತುಕೊಂಡೆ ಎಂಬುದು ಲೆಕ್ಕಕ್ಕೆ ಸಿಗದಾಯಿತು.

ಅಂದು ಸಂಜೆ ಮನೆಗೆ ಬಂದು, "ಆ ಆಟ ಮತ್ತ ಹಾಕ್ಕೋ. ನಡಿಯಾಕ ಹೋಗು," ಎಂದ.

"ಈಗ್ಯಾಕ್ರೀ," ಎಂದಳು ಆಕೆ, ಮೊರದ ಜೋಳದಿಂದ ಕಣ್ಣೆತ್ತದೆ. ಎಷ್ಟು ಸಲ ಹೇಳಿದರೂ ಅಷ್ಟೇ.

ಕಾರ್ತಿಕದಲ್ಲಿ ಆದೆಪ್ಪ ಒಂದು ಕಾರು ಮಾಡಿಕೊಂಡು ಹೆಂಡತಿಯನ್ನು ಗದ್ವಾಲಿಗೆ ಕರೆದೊಯ್ದ. ಹೊರಡುವ ಮುಂಚೆ ತನ್ನ ಫೋನಿಗೆ ಆ ಆಟ ಹಾಕಿಸಿಕೊಂಡಿದ್ದ. ಜುರಾಲಾದ ಮೇಲೆ ಕಾರು ನಿಲ್ಲಿಸಿ ಕೃಷ್ಣೆಯನ್ನು ನೋಡಿದರು. ಕೋಟೆಯೊಳಗೆ ಗುಡಿಗೆ ಹೋಗಿ ಕಾಯಿ ಒಡೆಸಿದರು. ಆಮೇಲೆ ಒಂದು ಕಟ್ಟೆಯ ಮೇಲೆ ಕೂತು ಆದೆಪ್ಪ ಫೋನು ತೆಗೆದ. ಒಂದು ಪ್ರಾಣಿ ಎದ್ದುಬಂತು. ಅವನು ಎಸೆದ ಚೆಂಡು ಒಂದೂ ತಾಗಲಿಲ್ಲ.

"ಹಂಗಲ್ರೀ," ಎಂದು ಚನ್ನವೀರಮ್ಮ ಫೋನು ತೆಗೆದುಕೊಂಡಳು. ಹೆಬ್ಬೆರಳು ಒಮ್ಮೆ ಆಡಿಸಿದಳು. ಪ್ರಾಣಿ ಸಿಕ್ಕಿತು. ಆಕೆಯ ತುಟಿಯ ಅಂಚಿನಲ್ಲಿ ನಗೆ ಬಂದು ಹೋದದ್ದನ್ನು ಆದೆಪ್ಪ ನೋಡಿದ. ಆಕೆ ಫೋನನ್ನು ಅವನ ಕೈಗೇ ಇಟ್ಟಳು.

"ನೀನೇ ಇಟ್ಕೋ," ಎಂದ. "ನಾ ಅವತ್ತು ಹಂಗ ಅನ್ನಬಾರದಿತ್ತು. ನನ್ನ ತಪ್ಪು."

ಆಕೆ ಫೋನು ತೆಗೆದುಕೊಳ್ಳಲಿಲ್ಲ.

"ಸಿಟ್ಟಿಲ್ಲ ನನಗ. ಅವತ್ತು ಬ್ಯಾಡ ಅಂದ್ರಿ, ಬಿಟ್ಟೆ. ಈಗ ಹೋಗು ಅಂತೀರಿ, ಹೋದ್ರ ಅದು ನೀವು ಹೇಳಿದ್ದಕ್ಕ ಹೋದಂಗ. ಆವಾಗ ಹಂಗಿದ್ದಿಲ್ರೀ. ಯಾರನ್ನೂ ಕೇಳಿ ಹೊಂಟಿದ್ದಲ್ಲ, ಯಾರೂ ಕಳಿಸಿದ್ದಲ್ಲ. ಅದೊಂದು ನಂದು ಅನ್ನಂಗಿತ್ತು."

ಸಿಟ್ಟಾದರೂ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಆದೆಪ್ಪನಿಗೆ ಅನ್ನಿಸಿತು. ಸಿಟ್ಟು ಇಳಿಸಬಹುದು.

"ಗದ್ವಾಲ ಚಲೋ ಐತಿ," ಎಂದಳು ಆಕೆ, ಸೀರೆ ಕೊಡವಿಕೊಂಡು ಏಳುತ್ತ. "ಕರಕೊಂಡು ಬಂದ್ರಲ್ಲ, ಆತು. ನಡ್ರಿ, ಬಿಸಿಲು ಏರಾಕತ್ತೈತಿ."

ಆದೆಪ್ಪ ಆ ಆಟವನ್ನು ಕೆಲವು ದಿನ ಒಬ್ಬನೇ ಆಡಿ ನೋಡಿದ, ರುಚಿ ಹತ್ತಲಿಲ್ಲ. ನಡೆಯುವುದನ್ನು ಮಾತ್ರ ಬಿಡಲಿಲ್ಲ. ಭಾನುವಾರ ನರಸಿಂಹುಲು ಜೊತೆಯಾಗುತ್ತಾನೆ, ಅವನ ಮೊಣಕಾಲಿಗೆ ತಕ್ಕಂತೆ ಇವನೂ ನಿಧಾನ ನಡೆಯುತ್ತಾನೆ. ಮೊದಲೆಲ್ಲ ಹೊರಡುವಾಗ "ಬರ್ತೀಯೇನು?" ಎಂದು ಹೆಂಡತಿಯನ್ನು ಕೇಳುತ್ತಿದ್ದ. "ನೀವು ಹೋಗಿ ಬರ್ರಿ," ಎನ್ನುತ್ತಿದ್ದಳು. ಈಗ ಕೇಳುವುದನ್ನೂ ಬಿಟ್ಟಿದ್ದಾನೆ.

ಮೊನ್ನೆ ಶ್ರಾವಣದಲ್ಲಿ ಒಂದು ದಿನ ಓಣಿಯ ಅರ್ಧಕ್ಕೆ ಹೋಗಿದ್ದಾಗ ಹಿಂದಿನಿಂದ ಆಕೆಯ ಹೆಜ್ಜೆಯ ಸಪ್ಪಳ ಕೇಳಿಸಿತು. ಆದೆಪ್ಪ ತಿರುಗಿ ನೋಡಲಿಲ್ಲ. ನೋಡಿದರೆ ಕರೆದಂತಾಗುತ್ತದೆ ಎಂದು ಹಾಗೆಯೇ ನಡೆದ. ಓಣಿಯ ತುದಿಯಲ್ಲಿ ಆಕೆ ಹೂವಿನವಳ ಹತ್ತಿರ ನಿಂತು ಒಂದು ಮೊಳ ಮಲ್ಲಿಗೆ ಕೇಳಿದ್ದು ಅವನ ಕಿವಿಗೆ ಬಿತ್ತು. ಅವಳ ಕೂಡ ಏನೋ ಮಾತಾಡಿ ನಕ್ಕದ್ದೂ ಅವನಿಗೆ ಕೇಳಿಸಿತು. ಆಮೇಲೆ ಹೆಜ್ಜೆಗಳು ಮನೆಯ ಕಡೆಗೆ ತಿರುಗಿದವು.