ಮಾವನ ಪೆನ್ಸಿಲ್ಲು, ಅಣ್ಣನ ಭುಜ

1941ರ ಬೇಸಿಗೆ. ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆಂದು ಹೊಳೆನರಸೀಪುರದ ಮನೆಗೆ ಬಂದಿದ್ದೆ. ಹಿಂದಿನ ವರ್ಷ ಕುಸ್ತಿಯಲ್ಲಿ ಎಡಭುಜದ ಕೀಲು ತಪ್ಪಿಸಿಕೊಂಡಿದ್ದ ನಮ್ಮಣ್ಣ ಅಂದು ಮತ್ತೆ ಮೊದಲ ಸಲ ಚನ್ನರಾಯಪಟ್ಟಣದ ಅಖಾಡಕ್ಕೆ ಇಳಿಯುವವನಿದ್ದ. ವರ್ಷವಿಡೀ ಆ ಭುಜಕ್ಕೆ ಎಣ್ಣೆ ತಿಕ್ಕಿದವಳು ಅವ್ವ. ಆದರೆ ಕುಸ್ತಿ ನೋಡಲು ಹೆಂಗಸರು ಹೋಗುವ ರೂಢಿ ಇರಲಿಲ್ಲ. ಬೆಳಗ್ಗೆಯಿಂದ ಅವಳ ಗಂಟಲಲ್ಲಿ ಒಂದು ತುತ್ತೂ ಇಳಿದಿರಲಿಲ್ಲ.

ಅಣ್ಣನ ಜೊತೆ ಹೋದವರು ನಮ್ಮ ಸೋದರಮಾವ, ಅರಕಲಗೂಡಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಕುಸ್ತಿ ನಡೆಯುತ್ತಿರುವಾಗಲೇ ಅಖಾಡದ ಅಂಚಿನಲ್ಲಿ ಕೂತು ಸ್ಕೆಚ್ ಮಾಡುವುದು ಅವರ ಹುಚ್ಚು. ನನ್ನ ಪಾಲಿಗೆ ಅದು ಬರೀ ಸ್ಕ್ರಿಬ್ಲಿಂಗ್! ಸಿಸ್ಟರ್ ನಮಗೆ ಕಲಿಸಿದ್ದು ಮೇಜಿನ ಮೇಲಿನ ಆಪಲ್ಲಿಗೆ ನೀಟಾಗಿ ಶೇಡಿಂಗ್ ಕೊಡುವುದನ್ನು. ಮಾವನ ಪೈಲ್ವಾನರಿಗೋ ಮೂಗಿಲ್ಲ, ಬಾಯಿಲ್ಲ, ಕೆಲವರಿಗೆ ಮೂರು ಕೈ.

ದೀಪ ಹಚ್ಚುವ ಹೊತ್ತಿಗೆ ಮಾವ ಒಬ್ಬರೇ ಬಂದರು.

“ಗೆದ್ಬುಟ್ಟ ಕಣಕ್ಕ! ಭುಜಕ್ಕೆ ಏನೂ ಆಗ್ನಿಲ್ಲ. ಗರಡಿಯೋರು ಉಳಿಸ್ಕಂಡ್ರು, ಬೆಳಿಗ್ಗೆ ಬತ್ತಾನೆ.”

“ಓದ್ಸಲಾನೂ ಇಂಗೇ ಅಂದಿದ್ದೆ. ಆಮ್ಯಾಕೆ ಕೈ ಕಟ್ಟಿಸ್ಕಂಡು ಬಂದ. ನಿನ್ ಬಾಯಿ ಬ್ಯಾಡ, ಚಿತ್ರ ತೋರ್ಸು,” ಎಂದಳು ಅವ್ವ.

ಮಾವ ತಡವರಿಸಿದರು. ಅವ್ವ ಅವರ ಚೀಲ ಕಿತ್ತುಕೊಂಡು ಹಾಳೆಗಳನ್ನು ಜಗಲಿಯ ಮೇಲೆ ಹರಡಿದಳು.

“ಮುಖಾನೇ ಇಲ್ವಲ್ಲವ್ವ, ಅಣ್ಣ ಯಾರು ಅಂತ ಹೇಗೆ ಗೊತ್ತಾಗುತ್ತೆ?” ಎಂದು ನಾನು ನಕ್ಕೆ.

“ಸುಮ್ಕಿರೇ. ಅವ್ನ ಕತ್ತು ನಂಗೊತ್ತಿಲ್ವಾ?”

ಮೊದಲ ಹಾಳೆಯಲ್ಲಿ ಎಡಗೈ ಪಕ್ಕೆಗೆ ಅಂಟಿಕೊಂಡಿತ್ತು. “ಎದರ್ಕಂಡವ್ನೆ,” ಎಂದಳು. ಮುಂದಿನದರಲ್ಲಿ ಎದುರಾಳಿ ಮೈಮೇಲೆ ಬಿದ್ದಿದ್ದಾನೆ. ಅಣ್ಣ ಎಡ ಅಂಗೈಯನ್ನು ಮಣ್ಣಿಗೆ ಒತ್ತಿ ಇಬ್ಬರ ಭಾರವನ್ನೂ ಎತ್ತುತ್ತಿದ್ದಾನೆ. ಭುಜದಿಂದ ಮಣಿಕಟ್ಟಿನವರೆಗೆ ಒಂದೇ ಗೆರೆ. ಪೆನ್ಸಿಲ್ ಒತ್ತಿದ ರಭಸಕ್ಕೆ ಹಾಳೆಯೇ ಹರಿದಿತ್ತು. ಕೊನೆಯದರಲ್ಲಿ ಅಣ್ಣನ ಬೆನ್ನು ಮಣ್ಣಿನ ಮೇಲೆ. ಗೆದ್ದವನು ಅಣ್ಣನ ಅದೇ ಎಡಗೈ ಹಿಡಿದು ಎಬ್ಬಿಸುತ್ತಿದ್ದ.

ಅವ್ವ ತಲೆಯೆತ್ತಿದಳು. “ಸೋತವ್ನೆ!”

ಮಾವ ಪೆಚ್ಚಾದರು. “ನೀನು ನೊಂದ್ಕಂತೀಯ ಅಂತ...”

“ಸೋಲ್ಲಿ ಬಿಡ್ಲಾ! ಆ ಕೈ ಮ್ಯಾಲೆ ಅಷ್ಟು ಭಾರ ಬಿಟ್ಟವ್ನೆ. ಅದೇ ಕೈ ಕೊಟ್ಟು ಎದ್ದವ್ನೆ. ನೋವಿದ್ರೆ ಬಿಡ್ತಿದ್ನಾ?”

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದವಳು ತಟ್ಟೆ ಹಿಡಿದು ಬಂದು, ನಮ್ಮೆದುರೇ ಕೂತು ಮುದ್ದೆ ಮುರಿದಳು.

ನಾನು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ಆ ಹಾಳೆಗಳನ್ನು ಮತ್ತೆ ಒಂದೊಂದಾಗಿ ನೋಡಿದೆ. ಅಕ್ಕನ ಮೇಲಿನ ಮರುಕಕ್ಕೆ ಮಾವನ ಬಾಯಿ ಸುಳ್ಳು ಹೇಳಿತ್ತು. ಕೈಗೆ ಮಾತ್ರ ಸುಳ್ಳು ಹೇಳಲು ಪುರುಸೊತ್ತೇ ಸಿಕ್ಕಿರಲಿಲ್ಲ. ಮುಂದಿನ ಗಳಿಗೆ ಏನಾಗುತ್ತದೋ ತಿಳಿಯದೆ ಎಳೆದ ಗೆರೆಗಳು ಅವು. ಈಗ ಟೀವಿಯವರು ಹೇಳುವ ‘ಲೈವ್’ ಅಂದರೆ ಅದೇ ಅಲ್ಲವೇ?

ಈಗಲೂ ಆಸ್ಪತ್ರೆಯಿಂದ ಯಾರಾದರೂ ಫೋನ್ ಮಾಡಿ, “ಎವ್ರಿಥಿಂಗ್ ಈಸ್ ಫೈನ್, ವರಿ ಮಾಡ್ಬೇಡಿ” ಎಂದಾಗ, ಅಲ್ಲೊಂದು ಮೂಲೆಯಲ್ಲಿ ಕೂತು ಗೀಚಿಕೊಂಡು ಬರಲು ನಮ್ಮ ಮಾವ ಇರಬೇಕಿತ್ತು ಅನ್ನಿಸುತ್ತದೆ.