ಸಾಲಿಯ ಶಾಲು, ಪೊಲೀಸರ ನಾಯಿ

ಕಳೆದ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಪೊಲೀಸ್ ನಾಯಿಯೊಂದು ನಮ್ಮ ಮನೆಯ ಮೆಟ್ಟಿಲ ಮುಂದೆ ಬಂದು ಕೂತಿತು.

ದಾರಿ ತಪ್ಪಿ ಬಂದದ್ದಲ್ಲ. ನೆಲ ಮೂಸುತ್ತ, ಹಿಂದೆ ಮೂರು ಜೀಪಿನ ಪೊಲೀಸರನ್ನೂ ಅವರ ಹಿಂದೆ ಅರ್ಧ ಓಣಿಯನ್ನೂ ಎಳೆದುಕೊಂಡು ಬಂತು. ನನ್ನ ಚಪ್ಪಲಿ ಮೂಸಿತು. ಕೂತಿತು. ಆಮೇಲೆ ನನ್ನ ಮುಖ ನೋಡಿತು.

ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವನು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಬರುವವನು. ನಾಯಿ ಅಷ್ಟು ಖಾತ್ರಿಯಿಂದ ನೋಡಿದಾಗ, ನಾನೇ ಕದ್ದಿರಬಹುದು ಅನ್ನಿಸಿಬಿಟ್ಟಿತು. (ಏನು ಕಳುವಾಗಿದೆ ಎಂಬುದೇ ಆಗ ನನಗೆ ಗೊತ್ತಿರಲಿಲ್ಲ.)

ಕಳುವಾದದ್ದು ನಮ್ಮ ಓಣಿಯ ಸರ್ಕಾರಿ ಶಾಲೆಯ ಸ್ಮಾರ್ಟ್ ಕ್ಲಾಸ್ ಟಿ.ವಿ. ಮತ್ತು ಎರಡು ಕಂಪ್ಯೂಟರ್. ಊರು ಯಾವುದು ಅಂತೀರಾ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಒಂದು. ಅದಕ್ಕಿಂತ ಹೆಚ್ಚು ಹೇಳಲಾರೆ. ಮುಂದೆ ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಅದೇ ಠಾಣೆಗೆ ಹೋಗಬೇಕಲ್ಲ! (ಪಾಸ್‌ಪೋರ್ಟ್ ಮಾಡಿಸುವ ಯೋಚನೆ ಸದ್ಯಕ್ಕಿಲ್ಲ. ಆದರೂ.)

ಜಿಲ್ಲಾ ಕೇಂದ್ರದಿಂದ ಶ್ವಾನದಳ ಬಂದಿತ್ತು. ಬೆರಳಚ್ಚು ತಜ್ಞರು ಬಂದಿದ್ದರು. ಇಂಚಿಂಚೂ ಫೋಟೊ ತೆಗೆಯುವ ಇನ್ನೊಂದು ತಂಡವೂ ಇತ್ತು. ನಮ್ಮ ಊರಿನ ಪಿಎಸ್ಐ ಸಾಹೇಬರು ಇವರೆಲ್ಲರ ಮುಂದೆ ಮದುಮಗನ ಅಣ್ಣನ ಹಾಗೆ ಓಡಾಡುತ್ತಿದ್ದರು. ನಾಯಿ ನನ್ನ ಮನೆಯ ಮುಂದೆ ಕೂತದ್ದು ನೋಡಿ ಅವರಿಗೇ ನಾಚಿಕೆಯಾಯಿತು.

"ಸರ, ನೀವೇನ್ರಿ! ಪೇಪರ್‌ದಾಗ ಬರಿಯೋರಲ್ರಿ ನೀವು?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹೆಂಡತಿ ಸಾಕ್ಷಿ ನುಡಿದಳು. "ಇವರು ಟಿ.ವಿ. ಕದಿತಾರಂತ ಏನ್ರಿ? ಸಿಲಿಂಡರ್ ಎತ್ತಿ ಇಡಾಕ ಬಾಜೂಮನಿಯವ್ರನ್ನ ಕರೀತಾರ. ಬರ್ರಿ, ಚಾ ಕುಡ್ದು ಹೋಗ್ರಿ."

ಎಲ್ಲರೂ ನಕ್ಕರು. ಚಹಾ ಕುಡಿದರು. ನಾಯಿ ಮಾತ್ರ ನಗಲಿಲ್ಲ, ಕೂತೇ ಇತ್ತು. ಅದನ್ನು ಹಿಡಿದುಕೊಂಡಿದ್ದ ಪೊಲೀಸರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಒಂದು ನೇರಳೆ ಬಣ್ಣದ ಶಾಲು. ಕಳ್ಳರು ಶಾಲೆಯ ಗೇಟಿನ ಹತ್ತಿರ ಬಿಟ್ಟು ಹೋದದ್ದು, ಅದನ್ನೇ ನಾಯಿಗೆ ಮೂಸಿಸಿದ್ದು ಎಂದರು.

ಶಾಲಿನ ಅಂಚಿನಲ್ಲಿ ಚಹಾದ ಕಲೆ ಇತ್ತು. ಆ ಕಲೆ ನನ್ನದೇ.

ಇಲ್ಲಿ ನಮ್ಮ ಕಡೆಯ ಒಂದು ಗುಟ್ಟು ಹೇಳಬೇಕು. ಶಾಲೆಗೆ ನಾವು ಸಾಲಿ ಅನ್ನುತ್ತೇವೆ. ನಮ್ಮ ಸಾಲಿಗೆ ಇರುವುದು ಒಂದೇ ಶಾಲು. ಯಾರೇ ಅತಿಥಿ ಬರಲಿ, ಅದನ್ನೇ ಹೊದಿಸುತ್ತಾರೆ, ಫೋಟೊ ಹೊಡೆಯುತ್ತಾರೆ, ವಂದನಾರ್ಪಣೆಯ ಗದ್ದಲದಲ್ಲಿ ಮೆಲ್ಲಗೆ ಹೆಗಲಿಂದ ಎತ್ತಿ ಮಡಚಿ ಹೆಡ್ ಮಾಸ್ತರರ ಕಪಾಟಿನಲ್ಲಿ ಇಡುತ್ತಾರೆ. ಅತಿಥಿಗಳೂ ಕೇಳುವುದಿಲ್ಲ. ಕೇಳಿದರೆ ಮರ್ಯಾದೆ ಏನು ಉಳಿಯಿತು?

ಶನಿವಾರ ಶಾಲೆಯ ಹೊಸ ಗೇಟಿನ ಉದ್ಘಾಟನೆ ಇತ್ತು. (ಹೌದು, ಅದೇ ಗೇಟು. ಕಳ್ಳರಿಗೆ ಅದು ಒಂದು ದಿನವೂ ಅಡ್ಡಿಯಾಗಲಿಲ್ಲ.) ಆ ದಿನ ಶಾಲು ಇಬ್ಬರ ಮೇಲೆ ಬಿತ್ತು. ಮೊದಲು ಮುಖ್ಯ ಅತಿಥಿಯಾದ ನನ್ನ ಮೇಲೆ. ಆಮೇಲೆ ದಸ್ತಗೀರನ ಮೇಲೆ. ಪುಗಸಟ್ಟೆ ದುಡಿದು ಗೇಟು ಮಾಡಿಕೊಟ್ಟ ವೆಲ್ಡರ್ ಅವನು. ಶಾಲು ಹೊದಿಸಿದಾಗ ಅವನ ಕಣ್ಣಲ್ಲಿ ನೀರಿತ್ತು. "ಸರ, ನಲವತ್ತೈದು ವರ್ಷಕ್ಕ ಮೊದಲನೇ ಶಾಲ್ ರೀ," ಅಂದ. ಕಾರ್ಯಕ್ರಮ ಮುಗಿದ ಮೇಲೆ ತನ್ನ ಹೆಗಲು ತಾನೇ ಮುಟ್ಟಿ ನೋಡಿಕೊಂಡು, ಬರಿಗೈಲಿ ಅಂಗಡಿಗೆ ಹೋದ.

ಕಳ್ಳರು ಕಪಾಟು ಒಡೆದು ಗೇಟಿನವರೆಗೆ ಎಳೆದು ತಂದದ್ದು ಅದೇ ಶಾಲು. ಅಂದರೆ ನಾಯಿ ಒಂದಿಷ್ಟೂ ತಪ್ಪಿರಲಿಲ್ಲ. ಶಾಲು ಯಾರ ಮೈಮೇಲೆ ಇತ್ತೋ ಅವರ ಮನೆಗೇ ಬಂದಿತ್ತು. ಮೊದಲು ನನ್ನ ಮನೆ. ಚಹಾ ಮುಗಿದ ಮೇಲೆ ಎದ್ದು, ಬಜಾರ ದಾಟಿ, ದಸ್ತಗೀರನ ವೆಲ್ಡಿಂಗ್ ಅಂಗಡಿ.

ಅಲ್ಲಿಯೂ ಕೂತಿತು, ಹಿಂದೆ ಹೋಗಿದ್ದ ಓಣಿಯವರು ಬಂದು ಹೇಳಿದರು. ಇಲ್ಲಿ ಕೂತ ಹಾಗೆಯೇ.

ಆದರೆ ಅಲ್ಲಿ ಯಾರೂ ನಗಲಿಲ್ಲ. ಯಾರೂ "ನೀವೇನ್ರಿ" ಅನ್ನಲಿಲ್ಲ. "ಏ, ಹೆಸರೇನ?" ಅಂದರು. ಹೆಸರು ಹೇಳಿದ. ಬರೆದುಕೊಂಡರು. ಜೀಪು ಹತ್ತಿಸಿದರು. ಸೈರನ್ ಹಾಕಿಕೊಂಡು ತುಂಬಿದ ಬಜಾರದ ನಡುವೆ ಒಯ್ದರು.

ನಾನೇನು ಮಾಡಿದೆ? ಮನೆಯಲ್ಲಿ ಕೂತು ಚಿಂತೆ ಮಾಡಿದೆ. ಶಾಲು ನನಗೂ ಹೊದಿಸಿದ್ದರು ಅಂತ ಹೇಳಿದರೆ ನನ್ನನ್ನೂ ಠಾಣೆಯಲ್ಲಿ ಕೂಡಿಸಿಕೊಂಡರೆ? ಹೆಡ್ ಮಾಸ್ತರರಿಗೆ ತೊಂದರೆಯಾದರೆ? ನಾನು ಪಾಠ ಮಾಡುವ ಕಾಲೇಜಿನಲ್ಲಿ ಗೊತ್ತಾದರೆ? ಹೀಗೆ ಮೂರು ತಾಸು. ಊರಿಗೆಲ್ಲ ನ್ಯಾಯ ಹೇಳುವ ಅಂಕಣಕಾರ, ಗಿಡ ಬಾಡಿರದಿದ್ದರೂ ಕುಂಡಕ್ಕೆ ಎರಡು ಸಲ ನೀರು ಹಾಕಿದೆ.

ಅಷ್ಟರಲ್ಲಿ ಮೊಬೈಲಿಗೆ ವಿಡಿಯೊ ಬಂತು. ದಸ್ತಗೀರನ ಅಂಗಡಿ, ಮುಂದೆ ನಾಯಿ. ಮೇಲೆ ಬರಹ: "ಕಳ್ಳನನ್ನು ಹಿಡಿದ ಶ್ವಾನ." ಸುತ್ತಲಿನ ಹಳ್ಳಿಗಳಲ್ಲೆಲ್ಲ ಹರಿದಾಡಿತು: ಅಗರಖೇಡದ ವಾಟ್ಸಾಪ್ ಗುಂಪಿನಿಂದ ಬಂದದ್ದು ದೇವಣಗಾಂವಕ್ಕೆ ಹೋಗಿ ಮೋರಟಗಿಯಿಂದ ಮತ್ತೆ ನನಗೇ ಬಂತು. ನನ್ನ ಮನೆಯ ಮುಂದೆಯೂ ಅದೇ ನಾಯಿ ಕೂತಿತ್ತು, ಅರ್ಧ ಓಣಿ ನೋಡಿತ್ತು. ಆ ವಿಡಿಯೊ ಎಲ್ಲಿ? ಯಾರೂ ತೆಗೆದೇ ಇರಲಿಲ್ಲ.

ಆ ವಿಡಿಯೊ ನೋಡಿ ಹೆಂಡತಿ ಅಂದಳು: "ಊರ ಮಂದಿ ತಿಜೋರಿ ಬಾಗಲಾ, ಕೀಲಿಕೈ, ಎಲ್ಲಾ ಅವನ ಕೈಯಾಗ ಕೊಡ್ತಾರ. ಇನ್ನ ಅವನ್ನ ಯಾರು ಮನ್ಯಾಗ ಬಿಟ್ಟುಕೋತಾರ? ನೀವು ಎದ್ದು ಹೋಗ್ತೀರೋ, ನಾ ಹೋಗ್ಲೋ?"

ಹೋದೆ. ದಾರಿಯಲ್ಲಿ ಹೆಡ್ ಮಾಸ್ತರರನ್ನೂ ಎಳೆದುಕೊಂಡೆ. ಅವರು ಕೈ ಮುಗಿದರು. "ಬೆಳಿಗ್ಗೆ ಶಾಲ್ ಯಾರದಂತ ಕೇಳಿದ್ರು, ಗೊತ್ತಿಲ್ಲಂದೆ ಸರ. ಇಲಾಖೆ ಸಾಹೇಬ್ರು ಅಲ್ಲೇ ನಿಂತಿದ್ರು. ಒಂದ ಶಾಲ್ ಎಲ್ಲಾರಿಗೂ ಹೊದಿಸ್ತೇವಿ ಅಂತ ಅವರ ಮುಂದ ಹೆಂಗ ಹೇಳ್ಲಿ? ಹೋದ ವರ್ಷ ಅವರಿಗೂ ಅದನ್ನ ಹೊದಿಸೇವ್ರಿ!"

ಠಾಣೆಯ ಹೊರಗೆ ಬೇವಿನ ಮರದ ನೆರಳಲ್ಲಿ ಶ್ವಾನದಳದವರು ನಾಯಿಗೆ ನೀರು ಕುಡಿಸುತ್ತಿದ್ದರು. ನಾನು ವಿಷಯ ಹೇಳಿದೆ. ಅವರು ಸ್ವಲ್ಪವೂ ಆಶ್ಚರ್ಯಪಡಲಿಲ್ಲ.

"ನಮ್ಮ ರಾಣಿ ಕಳ್ಳನ್ನ ತೋರ್ಸೂದಿಲ್ರಿ ಸರ. ವಾಸನಿ ತೋರಸ್ತಾಳ. ಆ ವಾಸನಿ ಅಲ್ಲಿಗೆ ಹೆಂಗ ಬಂತು ಅಂತ ಕೇಳೂದು ಮನಷ್ಯಾರ ಕೆಲಸ. ಇದನ್ನ ಬೆಳಿಗ್ಗೇನ ಹೇಳೇನಿ. ಯಾರು ಕೇಳ್ತಾರ್ರಿ?"

ಒಳಗೆ ದಸ್ತಗೀರ ಬೆಂಚಿನ ಮೇಲೂ ಅಲ್ಲ, ನೆಲದ ಮೇಲೆ ಕೂತಿದ್ದ. ಪಿಎಸ್ಐ ಸಾಹೇಬರು ನನ್ನನ್ನು ನೋಡಿ ಖುಷಿಯಿಂದ ಹೇಳಿದರು. "ಬರ್ರಿ ಸರ, ಕುಂದರ್ರಿ. ಆಸಾಮಿ ಒಪ್ಪಿಕೊಂಡಾನ. ಶಾಲ್ ನನ್ನ ಮೈಮ್ಯಾಲಿತ್ತು ಅಂತ ತಾನ ಹೇಳ್ಯಾನ."

"ಸನ್ಮಾನ ಮಾಡಿದ್ರು ಅಂತ ಹೇಳೇನ್ರಿ ಸಾಹೇಬ್ರ," ಎಂದ ದಸ್ತಗೀರ, ತಲೆ ಎತ್ತದೆ.

"ಕೇಳ್ರಿ ಸರ! ಈ ಮಗಗ ಸನ್ಮಾನ ಅಂತ!" ಸಾಹೇಬರು ನಕ್ಕರು. ಹವಾಲ್ದಾರರೂ ನಕ್ಕರು.

ಮೂರು ತಾಸಿನಿಂದ ಆ ಮನುಷ್ಯ ನಿಜ ಹೇಳುತ್ತಿದ್ದ. ಎರಡು ಓಣಿ ಆಚೆ ಶಾಲೆ, ಅಲ್ಲಿ ಹೆಡ್ ಮಾಸ್ತರರು, ಅವರ ಮೊಬೈಲಿನಲ್ಲಿ ಫೋಟೊ. ಒಂದು ಫೋನ್ ಮಾಡಿ ಕೇಳಲಿಲ್ಲ. ಯಾಕೆ? ಕಿಡಿ ಬಿದ್ದು ತೂತಾದ ಅಂಗಿಯ ಮೇಲೆ ಶಾಲು ಬಿದ್ದಿರಬಹುದು ಎಂಬುದು ಅವರ ತಲೆಗೆ ಹೋಗಲೇ ಇಲ್ಲ. ನನ್ನ ಇಸ್ತ್ರಿ ಅಂಗಿಯ ಮೇಲಾದರೆ ಕೇಳುವ ಅಗತ್ಯವೇ ಇರಲಿಲ್ಲ!

ಹೆಡ್ ಮಾಸ್ತರರು ತಲೆ ತಗ್ಗಿಸಿ ಫೋಟೊ ತೋರಿಸಿದರು. "ಅದು ಸಾಲಿ ಶಾಲ್ ರೀ." ಚಹಾದ ಕಲೆ ನನ್ನದು ಎಂದು ನಾನೂ ಒಪ್ಪಿಕೊಂಡೆ. ಸಾಹೇಬರು ಇನ್ನೊಮ್ಮೆ ನಕ್ಕರು. ಆಮೇಲೆ ಕೈ ಬೀಸಿ, "ಆತು, ಹೋಗಪಾ," ಅಂದರು.

ಅಷ್ಟೇ. "ಹೋಗಪಾ."

ಸೈರನ್ ಹಾಕಿ ಜೀಪಿನಲ್ಲಿ ಒಯ್ದಿದ್ದವನನ್ನು ಕಾಲ್ನಡಿಗೆಯಲ್ಲಿ ಕಳಿಸಿದರು. ಬಜಾರದಲ್ಲಿ ಎಲ್ಲರೂ ನೋಡಿದರು. ಪಾನ್ ಅಂಗಡಿಯವನು ಅವನಿಗೆ ಕೇಳುವಂತೆಯೇ ಅಂದ: "ಜಾಮೀನ ಆತೇನು?"

ನಮ್ಮ ರಾಜ್ಯದ ಪೊಲೀಸ್ ಪಡೆ ಸಣ್ಣದಲ್ಲ. ಬಾಂಬಿಗೆ ಒಂದು ದಳ, ಮೊಬೈಲ್ ಮೋಸಕ್ಕೆ ಒಂದು, ಕುದುರೆಯ ಮೇಲೆ ಕೂರಲು ಒಂದು, ಬೆರಳಿನ ಗುರುತಿಗೆ ಒಂದು, ಮೂಗಿಗೆ ಒಂದು. ಇರಲಿ, ಬೇಕು. ಬೆರಳಚ್ಚಿನವರು ಬಾಗಿಲಿಗೆ ಪುಡಿ ಹಾಕಿ ಎರಡು ತಾಸು ಬಗ್ಗಿ ನೋಡಿದ್ದನ್ನು ನಾನೇ ಕಂಡಿದ್ದೇನೆ. ತಮ್ಮ ಕೆಲಸ ಬಲ್ಲವರು. ಆದರೆ ಇಷ್ಟೆಲ್ಲ ಕಲಿತವರು ತಂದು ಕೊಟ್ಟದ್ದನ್ನು ಕೊನೆಗೆ ಯಾರ ಕೈಗೆ ಹಾಕುತ್ತೇವೆ? ಅಂಗಿ ನೋಡಿ ಕಳ್ಳನನ್ನು ಆರಿಸುವವರ ಕೈಗೆ! ನಾಯಿಗೆ ತಿಂಗಳುಗಟ್ಟಲೆ ತರಬೇತಿ ಕೊಡುತ್ತಾರಂತೆ. ಅದರ ಹಗ್ಗದ ಈ ತುದಿಗೆ?

ಗುರುವಾರ ಶಾಲೆಯ ಮುರಿದ ಬಾಗಿಲನ್ನು ದಸ್ತಗೀರನೇ ಕೂಡಿಸಿಕೊಟ್ಟ. "ಮಕ್ಕಳು ಕುಂದರಬೇಕಲ್ರಿ," ಅಂದ. ಅಂಗಡಿಯಲ್ಲಿ ಬೇರೆ ಕೆಲಸವೂ ಇರಲಿಲ್ಲ. ಎರಡು ಮನೆಯವರು ಗ್ರಿಲ್ ಕೆಲಸ "ಸದ್ಯಕ್ಕ ಬ್ಯಾಡ" ಎಂದಿದ್ದಾರೆ. ಹೆಡ್ ಮಾಸ್ತರರು ಪಾಪಪ್ರಜ್ಞೆಯಿಂದ ಹೊಸ ಶಾಲು ತಂದಿದ್ದರು. ಈ ಸಲ ನಿಜವಾಗಿ ಕೊಡುವ ಶಾಲು. ಮಕ್ಕಳೂ ಚಪ್ಪಾಳೆಗೆ ತಯಾರಾಗಿ ನಿಂತಿದ್ದರು.

ದಸ್ತಗೀರ ಎರಡು ಹೆಜ್ಜೆ ಹಿಂದೆ ಸರಿದ.

"ಶಾಲ್ ಬ್ಯಾಡ್ರಿ ಸರ. ಕೊಡೂದಿದ್ರ ಆ ಜೀಪ್ ತರಸ್ರಿ. ಅದ ಬಜಾರದಾಗಿಂದ, ಅದ ಸೈರನ್ ಹಾಕಿ, ನನ್ನ ಅಂಗಡಿ ಮುಂದ ಇಳಸ್ರಿ. ಇವಾ ಕಳ್ಳ ಅಲ್ಲ ಅಂತ ಒಬ್ರರ ಒದರ್ರಿ."

ಒಂದು ಜೀಪು, ಐದು ನಿಮಿಷದ ಬಜಾರ, ಒಂದು ಮಾತು. ಇದಕ್ಕೆ ಯಾವ ದಳವನ್ನು ಕರೆಸಬೇಕು?